ಅರಿಸಿನ ಹಚ್ಚಿದ ಅವರೆಕಾಳು

ಹೊಳೆಯ ಹೆಸರು ಬೇಡ, ಯಾವ ಹೊಳೆಯಾದರೂ ಆದೀತು. ಅದರ ಈಚೆ ದಡದಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಭಾರಿ ಏನಲ್ಲ, ಎರಡು ಗುಡಿಸಲು, ಒಂದು ಹುಣಸೆಮರ, ಕಷಾಯ ಕುದಿಸುವ ಒಂದು ಹಂಡೆ.

ಅಲ್ಲಿ ಮರುಳಯ್ಯ ಎಂಬ ವೈದ್ಯಗುರು ಇದ್ದರು. ಮಾತು ಕಡಿಮೆ, ಮಂಡಿನೋವು ಜಾಸ್ತಿ.

ಅವರ ಶಿಷ್ಯ ಹಾಲಪ್ಪ. ಇಪ್ಪತ್ತು ದಾಟಿದವನು, ಒಳ್ಳೆಯವನು, ಲೆಕ್ಕವೆಂದರೆ ಪ್ರಾಣ ಬಿಡುವವನು. ಮರದಿಂದ ಹಕ್ಕಿ ಎದ್ದರೂ ಎಣಿಸುತ್ತಿದ್ದ. ಒಮ್ಮೆ ಎಣಿಸಿಬಿಟ್ಟರೆ ಮುಗಿಯಿತು, ಅದೇ ಸರಿ ಎಂದು ಹಟ ಹಿಡಿಯುತ್ತಿದ್ದ. ಅವನಲ್ಲಿ ಇದ್ದ ತೊಂದರೆ ಅದೊಂದೇ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಹೊಳೆಯಾಚೆಯ ಎರಡು ಊರಿಗೆ ಜ್ವರ ಬಿತ್ತು. ಒಂದು ಕಡ್ಲೆಮಟ್ಟಿ, ಇನ್ನೊಂದು ನೀಲಗುಂದಿ. ಹೆಚ್ಚುಕಡಿಮೆ ಒಂದೇ ಗಾತ್ರದ ಊರುಗಳು. ಜ್ವರ ದೊಡ್ಡವರನ್ನು ಬಿಟ್ಟು ಮಕ್ಕಳನ್ನೇ ಹಿಡಿಯುತ್ತಿತ್ತು.

ಗುರುಗಳ ಬಳಿ ಜ್ವರಕ್ಕೆ ಕೊಡುವ ತೊಗಟೆ ಇದ್ದದ್ದು ಒಂದೇ ಚೀಲ. ಒಂದು ಊರಿಗೆ ಸಾಕು, ಎರಡಕ್ಕೆ ಸಾಲದು. ಅರ್ಧರ್ಧ ಹಂಚಿದರೆ ಕಷಾಯ ನೀರಾಗಿ ಯಾರಿಗೂ ಹತ್ತುವುದಿಲ್ಲ.

ಮೇಲಾಗಿ ಹೊಳೆ ಏರುತ್ತಿತ್ತು. ಅಂಬಿಗರ ಯಂಕಣ್ಣ ಮೊದಲೇ ಹೇಳಿಬಿಟ್ಟಿದ್ದ: “ಅಮಾವಾಸ್ಯೆ ತನಕ ದೋಣಿ ಹಾಕ್ತೀನಿ. ಆಮೇಲೆ ಆ ದೇವರೇ ದಡದಾಗೆ ನಿಂತು ಕೂಗಿದರೂ ಹಾಕಲ್ಲ.”

ಚೀಲ ಯಾವ ಊರಿಗೆ ಹೋಗಬೇಕು?

“ಹೋಗಿ ನೋಡಿಕೊಂಡು ಬಾ,” ಎಂದರು ಗುರುಗಳು.

ಹಾಲಪ್ಪ ಹೋದ. ಎರಡೂ ಊರಿನ ಒಂದು ಮನೆಯನ್ನೂ ಬಿಡಲಿಲ್ಲ. ಬಾಗಿಲ ಮುಂದೆ ನಿಲ್ಲುವುದು, ಕೇಳುವುದು, ಮುಂದಿನ ಮನೆಗೆ ಹೋಗುವುದು. ಬಿಸಿಲಿಗೆ ಅಂಗಾಲು ಸುಟ್ಟುಕೊಂಡು, ಮುಖ ಮಾತ್ರ ಅರಳಿಸಿಕೊಂಡು ವಾಪಸ್ಸಾದ.

“ಗುರುಗಳೇ, ಲೆಕ್ಕ ಸಿಕ್ಕಿತು. ಕಡ್ಲೆಮಟ್ಟಿಯಲ್ಲಿ ಹನ್ನೆರಡು ಮಕ್ಕಳು ತೀರಿಕೊಂಡಿದ್ದಾರೆ. ನೀಲಗುಂದಿಯಲ್ಲಿ ಎರಡೇ.”

ಗುರುಗಳು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. “ಹೂಂ,” ಎಂದರು.

“ಕಡ್ಲೆಮಟ್ಟಿಯಲ್ಲಿ ಕೊಟ್ರವ್ವ ಅಂತ ಒಬ್ಬಳಿದ್ದಾಳೆ. ಮಗ ಹೋದ, ಮಗಳು ಜ್ವರದಲ್ಲಿ ಬಿದ್ದಿದ್ದಾಳೆ. ನನ್ನ ಕಾಲು ಹಿಡಿದುಕೊಂಡುಬಿಟ್ಟಳು. ಅಮಾವಾಸ್ಯೆಯೊಳಗೆ ಬಂದೇ ಬರ್ತೀವಿ ಅಂತ ಮಾತು ಕೊಟ್ಟಿದ್ದೇನೆ.”

“ನೀಲಗುಂದಿಯಲ್ಲಿ ಯಾರೂ ಕಾಲು ಹಿಡಿಯಲಿಲ್ಲವೋ?”

“ಇಲ್ಲ. ಆ ಎರಡು ಮನೆ ಬಿಟ್ಟರೆ ಎಲ್ಲ ಮನೆಯಲ್ಲೂ ‘ಆರಾಮದೀವಿ’ ಅಂದರು.”

“ಜ್ವರ ಇದೆ ಅಂತ ನಮಗೆ ಹೇಳಿಕಳಿಸಿದ್ದು ಅದೇ ಊರು ತಾನೆ?”

“ಹೌದು.”

“ಆರಾಮಿದ್ದವರು ಯಾಕೆ ಹೇಳಿಕಳಿಸುತ್ತಾರೆ?”

ಹಾಲಪ್ಪ ಸೋಲುವವನಲ್ಲ. “ಗುರುಗಳೇ, ನಾನು ಮನೆ ಮನೆಗೂ ಹೋಗಿ ಕೇಳಿದ್ದೇನೆ. ಅವರ ಬಾಯಿಂದ ಬಂದದ್ದನ್ನೇ ತಂದಿದ್ದೇನೆ. ಇದಕ್ಕಿಂತ ಗಟ್ಟಿ ಲೆಕ್ಕ ಇನ್ನೆಲ್ಲಿ ಸಿಗುತ್ತದೆ?”

ಗುರುಗಳು ಕೈ ಒರೆಸಿಕೊಂಡರು. ಒಳಗಿನಿಂದ ಒಣ ಅವರೆಕಾಳು ತುಂಬಿದ ಒಂದು ಕುಡಿಕೆ ತಂದು ಅವನ ಮುಂದಿಟ್ಟರು.

“ಇದರಲ್ಲಿ ಎಷ್ಟು ಕಾಳಿವೆ?”

“ಸುರಿದು ಎಣಿಸುತ್ತೇನೆ.”

“ಸುರಿಯುವ ಹಾಗಿಲ್ಲ. ಕೈ ಹಾಕಬಹುದು, ಒಂದು ಹಿಡಿ ತೆಗೆಯಬಹುದು, ಅಷ್ಟೇ.”

ಹಾಲಪ್ಪ ಒಂದು ಹಿಡಿ ತೆಗೆದು ಎಣಿಸಿದ. ಮೂವತ್ತು ಕಾಳು.

“ಅದಕ್ಕೆ ಅರಿಸಿನ ಹಚ್ಚು.”

ಹಚ್ಚಿದ. ಮೂವತ್ತೂ ಕಾಳು ಹಳದಿಯಾಗಿ ಕೂತವು. ಒಣಗಿದ ಮೇಲೆ ವಾಪಸ್ಸು ಕುಡಿಕೆಗೆ ಹಾಕಿಸಿದರು.

“ಇನ್ನೊಂದು ಹಿಡಿ ತೆಗೆ. ಹಳದಿ ಎಷ್ಟು ನೋಡು.”

ಹಾಲಪ್ಪ ಮೇಲೆ ಮೇಲೆಯೇ ಒಂದು ಹಿಡಿ ತೆಗೆದ. ಎಣಿಸಿದ. “ಮೂವತ್ತು ಕಾಳು. ಅದರಲ್ಲಿ ಇಪ್ಪತ್ತೆಂಟು ಹಳದಿ.”

“ಅಂದರೆ?”

ಹಾಲಪ್ಪನ ತಲೆ ಓಡತೊಡಗಿತು. “ಕೈಗೆ ಬಂದದ್ದೆಲ್ಲ ಹಳದಿಯೇ ಆದರೆ ಹಳದಿಯಲ್ಲದ ಕಾಳು ಇನ್ನೇನು ಉಳಿದಿರುತ್ತದೆ? ಕುಡಿಕೆಯಲ್ಲಿ ಮೂವತ್ತೆರಡೋ ಮೂವತ್ತಮೂರೋ ಇರಬೇಕು.”

“ಬಗ್ಗಿ ನೋಡು.”

ಬಗ್ಗಿ ನೋಡಿದ. ಕುಡಿಕೆ ಕಂಠಮಟ್ಟ ತುಂಬಿತ್ತು. ಹಾಲಪ್ಪನ ಕಿವಿ ಕೆಂಪಾಯಿತು.

“ಕಲಸಲಿಲ್ಲ,” ಎಂದ ತಾನಾಗಿಯೇ.

“ಕಲಸು.”

ಕುಡಿಕೆಯನ್ನು ತಬ್ಬಿಕೊಂಡು ಬುಡದಿಂದ ಮೇಲಕ್ಕೆ ಚೆನ್ನಾಗಿ ಕಲಸಿದ. ಕಣ್ಣು ಮುಚ್ಚಿಕೊಂಡು ಒಂದು ಹಿಡಿ ತೆಗೆದ. ಈ ಸಲವೂ ಮೂವತ್ತು ಕಾಳು, ಅದರಲ್ಲಿ ಹಳದಿ ಮೂರೇ.

ಹಾಲಪ್ಪ ಆ ಮೂರು ಕಾಳನ್ನು ಅಂಗೈಯಲ್ಲಿ ಹೊರಳಿಸುತ್ತ ಬಹಳ ಹೊತ್ತು ಕೂತ.

“ಹತ್ತಕ್ಕೆ ಒಂದು ಹಳದಿ,” ಎಂದ ಮೆಲ್ಲಗೆ. “ಹಿಡಿಯಲ್ಲಿ ಹತ್ತಕ್ಕೆ ಒಂದಾದರೆ ಕುಡಿಕೆಯಲ್ಲೂ ಹತ್ತಕ್ಕೆ ಒಂದು. ನಾನು ಅರಿಸಿನ ಹಚ್ಚಿದ್ದು ಮೂವತ್ತು. ಹಾಗಾದರೆ ಕುಡಿಕೆಯಲ್ಲಿ ಇರುವುದು ಮುನ್ನೂರು.”

“ಈಗ ಸುರಿ.”

ಸುರಿದು, ನೆಲದ ಮೇಲೆ ಕೂತು ಒಂದೊಂದಾಗಿ ಎಣಿಸಿದ. ಇನ್ನೂರ ಎಂಬತ್ತೇಳು.

“ಹದಿಮೂರು ತಪ್ಪಿತು,” ಎಂದ ಪೆಚ್ಚಾಗಿ.

“ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅನ್ನುವುದು ತಿಳಿಯಿತೋ ಇಲ್ಲವೋ?”

“ತಿಳಿಯಿತು.”

“ಹಾಗಾದರೆ ಕಾಳು ತೊಳೆದು ಒಲೆಗಿಡು. ಹಸಿವಾಗಿದೆ.”

ಊಟ ಮಾಡುವಾಗ ಗುರುಗಳು ಕೇಳಿದರು: “ಮಗು ಹುಟ್ಟುವಾಗ ಹತ್ತಿರ ಯಾರಿರುತ್ತಾರೆ?”

“ಸೂಲಗಿತ್ತಿ.”

“ಮಣ್ಣಿಗೆ ಹೋಗುವಾಗ?”

“ಕುಣಿ ತೋಡುವವನು.” ಹಾಲಪ್ಪನ ತುತ್ತು ಅರ್ಧಕ್ಕೇ ನಿಂತಿತು. “ಆದರೆ ಗುರುಗಳೇ, ಸೂಲಗಿತ್ತಿಗೆ ಎಲ್ಲ ಮಕ್ಕಳೂ ಗೊತ್ತಿರುವುದಿಲ್ಲ. ಎಷ್ಟೋ ಹೆರಿಗೆ ತವರಿನಲ್ಲಿ ಆಗುತ್ತದೆ. ಕುಣಿ ತೋಡುವವನನ್ನೂ ಎಲ್ಲರೂ ಕರೆಯುವುದಿಲ್ಲ. ತಮ್ಮ ಹೊಲದಲ್ಲಿ ತಾವೇ ಮಣ್ಣು ಮಾಡುವವರೂ ಇದ್ದಾರೆ. ಇಬ್ಬರದೂ ಅರೆಬರೆ ಲೆಕ್ಕ.”

“ನಿನ್ನ ಹಿಡಿಯಲ್ಲಿ ಇಡೀ ಕುಡಿಕೆ ಬಂದಿತ್ತೋ?”

ಹಾಲಪ್ಪ ನಕ್ಕ. ಅವತ್ತು ಅವನು ನಕ್ಕದ್ದು ಅದೇ ಮೊದಲು.

“ಇಬ್ಬರನ್ನೂ ಕೇಳು,” ಎಂದರು ಗುರುಗಳು. “ಜೊತೆಯಲ್ಲಿ ಕೂರಿಸಿ ಕೇಳಬೇಡ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದರೆ ಅದು ಕಲಸದ ಕುಡಿಕೆ. ಮತ್ತೆ, ಸಂಖ್ಯೆ ತರಬೇಡ. ಹೆಸರು ತಾ. ಹೆಸರಿಲ್ಲದೆ ಯಾವ ಕಾಳು ಎರಡೂ ಹಿಡಿಯಲ್ಲಿ ಬಂತು ಅಂತ ಗೊತ್ತಾಗುವುದು ಹೇಗೆ?”

ಮರುದಿನ ಹಾಲಪ್ಪ ಮತ್ತೆ ದೋಣಿ ಹತ್ತಿದ.

ಕಡ್ಲೆಮಟ್ಟಿಯ ಸೂಲಗಿತ್ತಿ ಜ್ವರಕ್ಕೆ ತೀರಿಕೊಂಡ ಮಕ್ಕಳ ಹನ್ನೆರಡು ಹೆಸರು ಹೇಳಿದಳು. ಕುಣಿ ತೋಡುವವನು ಹತ್ತು ಹೇಳಿದ. ಹಾಲಪ್ಪ ದಾರಿಯುದ್ದಕ್ಕೂ ಆ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ನಡೆದ. ಊರ ಬಾಗಿಲಲ್ಲಿ ಕೊಟ್ರವ್ವ ಸಿಕ್ಕಿದಳು.

“ಔಷಧಿ ತಂದಿ ಏನಪ್ಪಾ?”

“ಇಲ್ಲವ್ವ. ಇನ್ನೂ ಲೆಕ್ಕ ಮುಗಿದಿಲ್ಲ.”

“ಲೆಕ್ಕ?” ಎಂದಳು ಕೊಟ್ರವ್ವ. ಬೈಯಲಿಲ್ಲ. ಬೈದಿದ್ದರೆ ಹಾಲಪ್ಪನಿಗೆ ಸಮಾಧಾನವಾಗುತ್ತಿತ್ತು. ಅವಳ ಮುಖ ನೋಡಲಾರದೆ ಬಿರಬಿರನೆ ನೀಲಗುಂದಿಯ ದಾರಿ ಹಿಡಿದ.

ನೀಲಗುಂದಿಯ ಸೂಲಗಿತ್ತಿ ದ್ಯಾಮವ್ವ. ಅವಳನ್ನು ಹಿತ್ತಲಲ್ಲಿ ಕಂಡ. ಬೆರಣಿ ತಟ್ಟುತ್ತ ಆರು ಹೆಸರು ಹೇಳಿದಳು. ಕುಣಿ ತೋಡುವ ದುರಗಪ್ಪ ಊರಾಚೆ ಬೇವಿನ ಬುಡದಲ್ಲಿ ಸಿಕ್ಕಿದ. ಅವನೂ ಆರು ಹೆಸರು ಹೇಳಿದ.

ಹಾಲಪ್ಪನಿಗೆ ಒಳಗೊಳಗೇ ಹಿಗ್ಗು. ಅಲ್ಲಿ ಹನ್ನೆರಡು, ಹತ್ತು. ಇಲ್ಲಿ ಆರು, ಆರು. ತಾನು ಮೊದಲು ಹೇಳಿದ್ದೇ ಸರಿ, ಚೀಲ ಕಡ್ಲೆಮಟ್ಟಿಗೇ. ಕೊಟ್ಟ ಮಾತೂ ಉಳಿಯಿತು. ದೋಣಿಯಲ್ಲಿ ಯಂಕಣ್ಣನ ಜೊತೆ ಹಾಡಿಗೂ ದನಿಗೂಡಿಸಿದ.

ಆಶ್ರಮಕ್ಕೆ ಬಂದವನೇ ಹೇಳಿದ. ಗುರುಗಳು ಕೇಳಿದ್ದು ಒಂದೇ ಮಾತು: “ಹಳದಿ ಎಷ್ಟು?”

ಹಾಲಪ್ಪ ಹುಣಸೆಮರದ ಬುಡದಲ್ಲಿ ಕೂತು ಹೆಸರಿಗೊಂದು ಕಲ್ಲು ಇಡುತ್ತ ಹೋದ. ಕಡ್ಲೆಮಟ್ಟಿಯಲ್ಲಿ ಇಬ್ಬರ ಬಾಯಲ್ಲೂ ಬಂದ ಹೆಸರು ಒಂಬತ್ತು.

“ಕುಣಿಯವನು ಹೇಳಿದ ಹತ್ತರಲ್ಲಿ ಒಂಬತ್ತು ಸೂಲಗಿತ್ತಿಯೂ ಹೇಳಿದ್ದಾಳೆ. ಅಂದರೆ ಇವರ ಕಣ್ಣು ತಪ್ಪಿದವರು ಹೆಚ್ಚಿಲ್ಲ. ಹದಿಮೂರು, ಬಹಳವಾದರೆ ಹದಿನಾಲ್ಕು.”

“ನೀಲಗುಂದಿ?”

ಹಾಲಪ್ಪ ಆರು ಕಲ್ಲು ಇಟ್ಟ. ಪಕ್ಕದಲ್ಲಿ ಆರು ಕಲ್ಲು ಇಟ್ಟ. ಹೆಸರುಗಳನ್ನು ಒಮ್ಮೆ ಹೇಳಿಕೊಂಡ. ಮತ್ತೊಮ್ಮೆ ಹೇಳಿಕೊಂಡ. ಅವನ ದನಿ ಇಳಿಯುತ್ತ ಬಂತು.

“ಒಂದೇ,” ಎಂದ. “ಇಬ್ಬರೂ ಹೇಳಿದ ಹೆಸರು ಒಂದೇ ಒಂದು.”

ಗುರುಗಳು ಕಲ್ಲುಗಳ ಕಡೆ ಬಗ್ಗಿದರು.

“ದುರಗಪ್ಪನ ಆರಕ್ಕೆ ಒಂದು ಹಳದಿ. ಅರಿಸಿನ ಹಚ್ಚಿದವಳು ದ್ಯಾಮವ್ವ, ಅವಳು ಆರು ಹೇಳಿದ್ದಾಳೆ. ಆರು ಆರಲಿ...” ಹಾಲಪ್ಪ ಕಲ್ಲುಗಳಿಂದ ಕೈ ತೆಗೆದ. “ಮೂವತ್ತಾರು. ಗುರುಗಳೇ, ಅಲ್ಲಿ ಮೂವತ್ತಾರು ಮಕ್ಕಳು ಹೋಗಿದ್ದಾರೆ. ನನಗೆ ಬಾಗಿಲಲ್ಲಿ ಎರಡು ಅಂದರು.”

ಹೋದವರು ಅಷ್ಟಿದ್ದರೆ ಜ್ವರದಲ್ಲಿ ಬಿದ್ದಿರುವವರು ಎಷ್ಟಿರಬೇಡ? ಆ ಮನೆಗಳ ಮುಂದೆಯೇ ನಿಂತು, ಒಳಗೆ ಮಗು ನರಳುತ್ತಿರುವಾಗ, ಆರಾಮ ಎಂದು ಕೇಳಿಕೊಂಡು ಬಂದಿದ್ದ.

ಸ್ವಲ್ಪ ಹೊತ್ತಿಗೆ ಮತ್ತೆ ತಲೆಯೆತ್ತಿದ. “ಆದರೆ ಗುರುಗಳೇ, ಇದು ಒಂದು ಹೆಸರಿನ ಮೇಲೆ ನಿಂತ ಲೆಕ್ಕ. ದುರಗಪ್ಪ ಒಂದು ಹೆಸರು ತಪ್ಪು ಹೇಳಿದ್ದರೆ? ಹಳದಿ ಎರಡಾಗಿದ್ದರೆ ಮೂವತ್ತಾರು ಹೋಗಿ ಹದಿನೆಂಟಾಗುತ್ತದೆ. ಅರ್ಧಕ್ಕರ್ಧ ಬೀಳುತ್ತದೆ.”

“ಹದಿನೆಂಟು ದೊಡ್ಡದೋ, ಹದಿನಾಲ್ಕು ದೊಡ್ಡದೋ?”

“ಹದಿನೆಂಟು.”

“ದೋಣಿಗೆ ಅಷ್ಟು ಗೊತ್ತಾದರೆ ಸಾಕು.”

ಹಾಲಪ್ಪ ಎದ್ದ, ಚೀಲದ ಬಾಯಿ ಬಿಗಿದ, ಮತ್ತೆ ಅದರ ಮೇಲೆಯೇ ಕುಸಿದು ಕೂತ.

“ಕೊಟ್ರವ್ವನಿಗೆ ಮಾತು ಕೊಟ್ಟಿದ್ದೇನೆ.”

“ಕೊಟ್ಟಿದ್ದೀ.”

“ಅವಳ ಮಗಳು ಲೆಕ್ಕವಲ್ಲ ಗುರುಗಳೇ. ನಾನು ಕಣ್ಣಾರೆ ನೋಡಿದ್ದೇನೆ. ನೀಲಗುಂದಿಯ ಮಕ್ಕಳನ್ನು ನಾನು ನೋಡಿಲ್ಲ.”

“ನೋಡದವರ ಸಲುವಾಗಿಯೇ ಲೆಕ್ಕ ಇರುವುದು,” ಎಂದರು ಗುರುಗಳು. ಗೋಡೆ ಹಿಡಿದುಕೊಂಡು ಎದ್ದರು, ಊರುಗೋಲು ಹುಡುಕಿದರು. “ನೋಡಿದವಳ ಹತ್ತಿರ ನಾನು ಹೋಗುತ್ತೇನೆ.”

“ನೀವಾ? ಆ ಮಂಡಿ ಇಟ್ಟುಕೊಂಡು? ಕೈಯಲ್ಲಿ ಔಷಧಿಯೂ ಇಲ್ಲದೆ ಹೋಗಿ ಏನು ಮಾಡುತ್ತೀರಿ?”

“ನೀರು ಕಾಯಿಸುತ್ತೇನೆ. ಗಂಜಿ ಕುಡಿಸುತ್ತೇನೆ. ಹಣೆಗೆ ತಣ್ಣೀರು ಬಟ್ಟೆ ಹಾಕುತ್ತೇನೆ. ಅವಳು ಬೈದರೆ ಬೈಸಿಕೊಳ್ಳುತ್ತೇನೆ. ನೀನು ಕೊಟ್ಟ ಮಾತಿನ ಹತ್ತಿರ ಯಾರಾದರೂ ಕೂತಿರಬೇಕಲ್ಲ.”

ಇಬ್ಬರೂ ಒಂದೇ ದೋಣಿಯಲ್ಲಿ ಹೊಳೆ ದಾಟಿದರು. ಆಚೆ ದಡದಲ್ಲಿ ದಾರಿ ಎರಡಾಗುತ್ತದೆ. ಗುರುಗಳು ಕುಂಟುತ್ತ ಎಡಕ್ಕೆ, ಕಡ್ಲೆಮಟ್ಟಿಗೆ ಹೋದರು, ಹಾಲಪ್ಪ ಚೀಲ ಹೊತ್ತು ಬಲಕ್ಕೆ. ಅವರ ಬೆನ್ನ ಹಿಂದೆ ಯಂಕಣ್ಣ ದೋಣಿಯನ್ನು ದಡಕ್ಕೆಳೆದು ಕವುಚಿ ಹಾಕಿದ.

ನೀಲಗುಂದಿಯಲ್ಲಿ ದ್ಯಾಮವ್ವನ ಹಿತ್ತಲಲ್ಲೇ ಒಲೆ ಹೂಡಿ ಹಾಲಪ್ಪ ಹಂಡೆ ಇಟ್ಟ. ಮನೆ ಮನೆಯ ಬಾಗಿಲಲ್ಲೂ ನಿಂತು ಕರೆದು ಬಂದ. ಕಷಾಯ ಕುದಿಯಿತು, ಆರಿತು. ಒಂದು ನರಪಿಳ್ಳೆಯೂ ಬರಲಿಲ್ಲ. ತಪ್ಪಿದೆನೇ? ಅಲ್ಲಿ ಅಳುವವರನ್ನು ಬಿಟ್ಟು ಇಲ್ಲಿ ಯಾರೂ ಇಲ್ಲದ ಊರಿಗೆ ಬಂದೆನೇ?

“ಯಾಕವ್ವ, ಯಾರೂ ಬರುತ್ತಿಲ್ಲ?”

“ನೀ ಹೋಗಿ ಕರದಿಯಲ್ಲ, ಬೀದಿ ಬಾಗಲದಾಗ ನಿಂತು?”

“ಹೌದು. ಮೊದಲ ಸಲವೂ ಹಾಗೇ ಕೇಳಿದ್ದೆ.”

ದ್ಯಾಮವ್ವ ಹಣೆ ಚಚ್ಚಿಕೊಂಡಳು. “ಅಯ್ಯ ನಿನ್ನ. ನಮ್ಮೂರಾಗ ಹೊಸ್ತಿಲ ಮ್ಯಾಲ ಕೂಸಿನ ಜಡ್ಡಿನ ಮಾತು, ಸತ್ತ ಕೂಸಿನ ಮಾತು ಆಡಂಗಿಲ್ಲಪ್ಪ. ಆಡಿದರ ಜ್ವರಕ್ಕ ಆ ಮನಿ ದಾರಿ ಗೊತ್ತಾಗತೈತಿ ಅಂತಾರ. ಯಾವ ತಾಯಿ ಬಾಯಿ ಬಿಟ್ಟಾಳು? ಹಿತ್ತಲ ಕಡೆಯಿಂದ ಹೋಗು.”

ಹಾಲಪ್ಪ ಹಿತ್ತಲುಗಳ ಹಿಂದೆ ನಡೆದ. ದನದ ಕೊಟ್ಟಿಗೆ, ಬಚ್ಚಲು ನೀರು, ತಿಪ್ಪೆಗಳ ನಡುವೆ ನಿಂತು, ಕಷಾಯ ಕಾದಿದೆ ಎಂದಷ್ಟೇ ಹೇಳುತ್ತ ಹೋದ.

ಬೆಳಗಾಗುವಷ್ಟರಲ್ಲಿ ದ್ಯಾಮವ್ವನ ಹಿತ್ತಲು ತುಂಬಿಹೋಗಿತ್ತು. ಗಿಂಡಿ ಹಿಡಿದವರು, ತಂಬಿಗೆ ಹಿಡಿದವರು, ಮಗುವನ್ನೇ ಸೆರಗಿನಲ್ಲಿ ಸುತ್ತಿಕೊಂಡು ಬಂದವರು. ಯಾರೂ ಜೋರಾಗಿ ಮಾತಾಡಲಿಲ್ಲ. ಹಾಲಪ್ಪ ಸೌಟು ಹಿಡಿದು ಬಡಿಸುತ್ತ ಹೋದ. ಅವತ್ತು ಅವನು ತಲೆ ಎಣಿಸಲಿಲ್ಲ. ಎಣಿಸಬೇಕೆಂಬುದು ನೆನಪಿಗೂ ಬರಲಿಲ್ಲ.

ಚೀಲ ಬರಿದಾಗುವ ಹೊತ್ತಿಗೆ ಜ್ವರ ಇಳಿಯಿತು. ಎಲ್ಲ ಮಕ್ಕಳೂ ಉಳಿಯಲಿಲ್ಲ. ಬಹಳಷ್ಟು ಉಳಿದವು. ಹಿತ್ತಲುಗಳಲ್ಲಿ ಮತ್ತೆ ಮಕ್ಕಳ ಜಗಳ ಕೇಳಿಸತೊಡಗಿತು.

ಹೊಳೆ ಇಳಿದ ಮೇಲೆ ಇಬ್ಬರೂ ಆಶ್ರಮ ಸೇರಿದರು. ಗುರುಗಳು ಸೊರಗಿಹೋಗಿದ್ದರು. ಹಾಲಪ್ಪನೂ ಸೊರಗಿದ್ದ, ಆದರೆ ನಡಿಗೆಯಲ್ಲಿ ಒಂದು ಗತ್ತು ಬಂದಿತ್ತು.

“ಕೊಟ್ರವ್ವನ ಮಗಳು?” ಎಂದು ಕೇಳಿದ ಮೊದಲು.

“ಬದುಕಿದಳು. ಗಂಜಿ ಸಾಲದು ಅಂತ ನನ್ನ ಮೇಲೆ ಹರಿಹಾಯುತ್ತಿದ್ದಳು ಹೊರಡುವಾಗ. ಪಕ್ಕದ ಮನೆಯ ಹುಡುಗ ಹೋದ. ನನ್ನ ತೊಡೆಯ ಮೇಲೆಯೇ ಹೋದ. ಸಿದ್ದಲಿಂಗ ಅಂತ ಹೆಸರು. ಗೋಲಿ ಆಡುವುದರಲ್ಲಿ ಊರಿಗೇ ಮುಂದು ಅಂತೆ.”

ಹಾಲಪ್ಪ ತಲೆ ತಗ್ಗಿಸಿದ. ಆ ಚೀಲ ಎಡಕ್ಕೆ ಹೋಗಿದ್ದರೆ ಸಿದ್ದಲಿಂಗ ಉಳಿಯುತ್ತಿದ್ದ. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಅದನ್ನು ಮುಚ್ಚಿಡಲಿಲ್ಲ.

“ನೀಲಗುಂದಿ?” ಎಂದರು ಗುರುಗಳು.

“ನಾನು ಹೋಗುವ ಮೊದಲು ತೀರಿಕೊಂಡವರ ಬಗ್ಗೆ ಹಿತ್ತಲ ಬಾಗಿಲಲ್ಲಿ ಒಂದೊಂದು ಮನೆಯಲ್ಲೂ ಕೇಳಿದೆ. ಈಗ ಹೇಳಿದರು. ಮೂವತ್ತಮೂರು ಮಕ್ಕಳು. ನಾವು ಮೂವತ್ತಾರು ಅಂದಿದ್ದೆವು. ಮೂರೇ ಮೂರು ತಪ್ಪಿತು ಗುರುಗಳೇ. ಕಾಣದ ಕುಡಿಕೆ, ಒಂದೇ ಒಂದು ಹಳದಿ ಕಾಳು, ಮೂರೇ ತಪ್ಪು.”

“ಹೆಸರುಗಳು?”

ಹಾಲಪ್ಪ ಮೂವತ್ತಮೂರೂ ಹೆಸರು ಹೇಳಿದ. ಒಂದು ಕಡೆಯೂ ತೊದಲಲಿಲ್ಲ. ಗುರುಗಳು ಕಣ್ಣು ಮುಚ್ಚಿ ಕೇಳಿದರು.

“ಅಷ್ಟೇನೋ?”

“ಅಷ್ಟೇ.” ಹಾಲಪ್ಪ ಐದು ಬೆರಳು ಮಡಿಸಿದ. “ಇನ್ನೂ ಐದು ಹಸುಗೂಸು ಇದ್ದವು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಹೋದವು. ಅವು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ದ್ಯಾಮವ್ವನಿಗೆ ಗೊತ್ತಿತ್ತು, ಅವಳು ಹೇಳಿರಲಿಲ್ಲ.”

“ಯಾಕೆ ಹೇಳಲಿಲ್ಲ?”

“ನಾನು ಹೆಸರು ಹೇಳು ಅಂದಿದ್ದೆ. ಅವಕ್ಕೆ ಹೆಸರಿರಲಿಲ್ಲ.”

ಹುಣಸೆಮರದಲ್ಲಿ ಗಾಳಿ ಆಡಿತು. ಗುರುಗಳು ಹೊಳೆಯ ಕಡೆ ತಿರುಗಿದರು.

“ಹೆಸರು ತಾ ಅಂದವನು ನಾನು,” ಎಂದರು.

ಅಷ್ಟು ವರ್ಷದಲ್ಲಿ ಹಾಲಪ್ಪ ಗುರುಗಳ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. ಅವರ ಕಣ್ಣಂಚು ಒದ್ದೆಯಾಗಿತ್ತು.

“ಕುಡಿಕೆ ತೆಗೆದುಕೊಂಡು ಬಾ,” ಎಂದರು ಗುರುಗಳು.

ತಂದ. ಗುರುಗಳು ಒಳಗೆ ಕೈ ಹಾಕಿ ಐದು ಹೊಸ ಅವರೆಕಾಳು ಎತ್ತಿ ಅವನ ಅಂಗೈಯಲ್ಲಿಟ್ಟರು. ಅರಿಸಿನದ ಬಟ್ಟಲನ್ನು ಹತ್ತಿರ ಎಳೆದುಕೊಂಡರು.

“ಕೂತುಕೋ. ಒಂದೊಂದಕ್ಕೂ ಒಂದೊಂದು ಹೆಸರು ಇಡೋಣ.”